ಒಂದು ಪ್ಲೈ ಹಾಳೆ, ಒಂದು ಸಣ್ಣ ಖೋಲಿ: ಮಡಚುವ ಟೇಬಲ್, ಮಡಚುವ ಮಂಚ ಮಾಡಿಸುವ ಬಗೆ

ನಾನು ಮಾಡಿಸಿದ ಮೊದಲ ಮಡಚುವ ಟೇಬಲ್ ಹನ್ನೊಂದು ದಿನ ಬಾಳಿತು. ಹನ್ನೆರಡನೇ ದಿನ ಸಂಜೆ ಮಾವ ಮನೆಗೆ ಬಂದರು. ಚಹಾ ಕಪ್ಪು ಅದರ ಮೇಲಿಟ್ಟು, ಮಾತಾಡುತ್ತಾ ಮೊಣಕೈ ಊರಿದರು. ಟೇಬಲ್ ಗೋಡೆ ಬಿಟ್ಟು ಬಂತು. ಜೊತೆಗೆ ಅಂಗೈ ಅಗಲದ ಗಿಲಾವೂ ಬಂತು. ಚಹಾ ಪೂರ್ತಿ ಅವರ ಬಿಳಿ ಧೋತರದ ಮೇಲೆ.

ಬಿದ್ದ ಬ್ರಾಕೆಟ್ ಎತ್ತಿ ನೋಡಿದೆ. ಸ್ಕ್ರೂ ಒಂದೂವರೆ ಇಂಚಿನದು. ಮರದ ಪಟ್ಟಿ, ಅದರ ಹಿಂದಿನ ಗಿಲಾವು ದಾಟುವಷ್ಟರಲ್ಲಿ ಅದರ ಉದ್ದವೇ ಮುಗಿದಿತ್ತು. ಇಟ್ಟಂಗಿಯನ್ನು ಅದು ಮುಟ್ಟಿಯೇ ಇರಲಿಲ್ಲ. ಮಾಡಿಕೊಟ್ಟ ಬಡಿಗ ಅವತ್ತು "ಗ್ವಾಡಿ ಗಟ್ಟಿ ಅದರೀ, ಏನೂ ಆಗಂಗಿಲ್ಲ" ಅಂದಿದ್ದ. ಗೋಡೆ ಗಟ್ಟಿಯೇ ಇತ್ತು, ಸುಳ್ಳಲ್ಲ. ಸ್ಕ್ರೂ ಅಲ್ಲಿವರೆಗೆ ಹೋಗಿರಲಿಲ್ಲ ಅಷ್ಟೆ.

ಆಮೇಲೆ ಅದೇ ಖೋಲಿಯಲ್ಲಿ ಟೇಬಲ್ ಮತ್ತೆ ಮಾಡಿಸಿದೆ, ಮಂಚವನ್ನೂ ಮಾಡಿಸಿದೆ. ಖೋಲಿ 10 ಅಡಿ ಉದ್ದ, 9 ಅಡಿ ಅಗಲ. ಒಂದು ಸ್ಟೀಲ್ ಕಪಾಟು, ಕಿಟಕಿಗೆ ಕೂಲರ್, ಪಿಯುಸಿ ಓದುವ ಮಗಳು. ಕಲಬುರಗಿಯಲ್ಲಿ ಇಂಥ ಖೋಲಿಗಳಿಗೆ ಬರವಿಲ್ಲ. ಹಾಗಾಗಿ ನಾನು ತಪ್ಪಿದ ಕಡೆ ನೀವು ತಪ್ಪಬಾರದು ಅಂತ ಎಲ್ಲವನ್ನೂ ಅಳತೆ ಸಮೇತ ಬರೆಯುತ್ತಿದ್ದೇನೆ. ನನ್ನ ಲೆಕ್ಕ ಒಂದೇ: ಭಾರ ನೆಲಕ್ಕೆ ಹೋಗಬೇಕು, ಗೋಡೆ ಸುಮ್ನೆ ಹಿಡಿದುಕೊಂಡಿರಬೇಕು. ಟೇಬಲ್‌ನಲ್ಲಿ ಇದು ಪೂರ್ತಿ ಸಾಧ್ಯವಾಗಲ್ಲ. ಮಂಚದಲ್ಲಿ ಆಗುತ್ತದೆ.

ಮೊದಲು ಸೀಮೆಸುಣ್ಣ

ಬಡಿಗನನ್ನು ಕರೆಯುವ ಮುಂಚೆ ಒಂದು ಟೇಪು, ಒಂದು ಸೀಮೆಸುಣ್ಣ ತಗೊಳ್ಳಿ. ಮಂಚ ಬಿಚ್ಚಿದಾಗ ಎಷ್ಟು ಜಾಗ ಹಿಡಿಯುತ್ತದೋ ಅಷ್ಟನ್ನು ನೆಲದ ಮೇಲೆ ಗೆರೆ ಹಾಕಿ. ನಾನು ಇಲ್ಲಿ ಹೇಳುವ ಮಂಚ ಬಿಚ್ಚಿದಾಗ ಗೋಡೆಯಿಂದ ಮೂರೂವರೆ ಅಡಿ ಮುಂದೆ ಬರುತ್ತದೆ, ಉದ್ದ ಆರೂಕಾಲು ಅಡಿ. ಮಡಚಿದಾಗ ಗೋಡೆಯಿಂದ ಸುಮಾರು 9 ಇಂಚು. ಟೇಬಲ್‌ಗೂ ಹಾಗೇ ಗೆರೆ ಹಾಕಿ, ಅದರ ಮುಂದೆ ಕುರ್ಚಿಗೆ ಎರಡಡಿ ಬಿಡಿ.

ಈಗ ಎರಡು ದಿನ ಆ ಗೆರೆಯೊಂದಿಗೆ ಬದುಕಿ. ಬಾಗಿಲು ಪೂರ್ತಿ ತೆರೆಯುತ್ತದಾ? ಕಪಾಟಿನ ಬಾಗಿಲು ಗೆರೆಗೆ ತಾಗುತ್ತದಾ? ರಾತ್ರಿ ಬಚ್ಚಲಿಗೆ ಎದ್ದು ಹೋಗಲು ಒಂದೂವರೆ ಅಡಿ ದಾರಿ ಉಳಿಯುತ್ತದಾ? ಸ್ವಿಚ್ ಬೋರ್ಡು ಮಡಚಿದ ಮಂಚದ ಹಿಂದೆ ಸೇರಿಕೊಳ್ಳುತ್ತದಾ? ನಮ್ಮಲ್ಲಿ ಪ್ಲಗ್ ಪಾಯಿಂಟ್ ಒಂದು ಹೀಗೇ ಮುಚ್ಚಿಹೋಗುತ್ತಿತ್ತು. ಗೆರೆ ಹಾಕಿದ್ದಕ್ಕೆ ಗೊತ್ತಾಯಿತು, ಮಂಚವನ್ನು ಅರ್ಧ ಅಡಿ ಸರಿಸಿದೆವು.

ನಮ್ಮ ಊರಿಗೇ ಸೇರಿದ ಎರಡು ಮಾತು. ಕೂಲರ್ ಇರುವ ಕಿಟಕಿಯ ಗೋಡೆ ಮಂಚಕ್ಕೆ ಬೇಡ. ಮಡಚಿದ ಮಂಚ ಗಾಳಿಗೆ ಅಡ್ಡ, ಮೇಲಾಗಿ ಗಾದಿಗೆ ತೇವ ಹಿಡಿಯುತ್ತದೆ. ಪಶ್ಚಿಮದ ಗೋಡೆಯೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ಇದು. ಮಧ್ಯಾಹ್ನ ಕಾದ ಗೋಡೆ ರಾತ್ರಿ ಹನ್ನೊಂದರ ತನಕ ಶಾಖ ಬಿಡುತ್ತಿರುತ್ತದೆ. ಅದಕ್ಕೆ ಬೆನ್ನು ಕೊಟ್ಟು ಮಲಗುವುದು ಯಾರಿಗೆ ಬೇಕು?

ಗೋಡೆಯ ಜಾತಕ

ಕಲಬುರಗಿಯಲ್ಲಿ ನಾಲ್ಕು ತರದ ಗೋಡೆ ಸಿಗುತ್ತದೆ. ಹೊರಗಿಂದ ಎಲ್ಲದಕ್ಕೂ ಒಂದೇ ಬಣ್ಣ. ಒಳಗೇನಿದೆ ಅಂತ ತಿಳಿಯಲು ಮೂಲೆಯಲ್ಲಿ, ಕಣ್ಣಿಗೆ ಬೀಳದ ಕಡೆ, 6 ಮಿ.ಮೀ. ಬಿಟ್ಟಿನಿಂದ ಎರಡೂವರೆ ಇಂಚು ಆಳದ ಒಂದು ತೂತು ಹಾಕಿ. ಕೆಳಗೆ ಒಂದು ಬಿಳಿ ಕಾಗದ ಹಿಡಿಯಿರಿ. ಮೊದಲು ಬೀಳುವ ಬೂದು ಪುಡಿ ಗಿಲಾವಿನದು, ಸಾಮಾನ್ಯವಾಗಿ ಅರ್ಧ ಇಂಚಿನಿಂದ ಮುಕ್ಕಾಲು ಇಂಚಿನ ತನಕ. ಆಮೇಲೆ ಬರುವ ಪುಡಿಯನ್ನು ನೋಡಿ.

ಕೆಂಪು ಪುಡಿ ಬಂದರೆ ಇಟ್ಟಂಗಿ. ಒಳ್ಳೆಯದು. ತೂತು ಇಟ್ಟಂಗಿಯ ನಡುವೆ ಬೀಳಬೇಕು, ಸಂದಿಯಲ್ಲಿ ಬೀಳಬಾರದು. ಸಂದಿಗೆ ಬಿದ್ದರೆ ಡ್ರಿಲ್ ಪಟ್ಟನೆ ಒಳಗೆ ಹೋಗುತ್ತದೆ, ಕೈಗೇ ಗೊತ್ತಾಗುತ್ತದೆ. ಆಗ ಒಂದೂವರೆ ಇಂಚು ಮೇಲೋ ಕೆಳಗೋ ಸರಿಯಿರಿ.

ಬೂದು ಪುಡಿಯೇ ಮುಂದುವರಿದರೆ ಸಿಮೆಂಟ್ ಬ್ಲಾಕ್. ಡ್ರಿಲ್ ಒಂದೇ ಸಮ ಕಷ್ಟಪಟ್ಟರೆ ಗಟ್ಟಿ ಬ್ಲಾಕು. ಒಂದಿಂಚು ಕಷ್ಟಪಟ್ಟು ಆಮೇಲೆ ಖಾಲಿಗೆ ಬಿದ್ದರೆ ಟೊಳ್ಳು ಬ್ಲಾಕು. ಟೊಳ್ಳಿನಲ್ಲಿ ಮಾಮೂಲಿ ಪ್ಲಗ್ (ಸ್ಕ್ರೂ ಹಿಡಿಯಲೆಂದು ತೂತಿನೊಳಗೆ ಕೂರಿಸುವ ಪ್ಲಾಸ್ಟಿಕ್ ಕೊಳವೆ) ಹಿಡಿಯಲ್ಲ.

ಹಿಟ್ಟಿನಂಥ ಬಿಳಿ ಇಲ್ಲವೇ ತಿಳಿ ಬೂದು ಪುಡಿ ಬಂದು ಡ್ರಿಲ್ ಬೆಣ್ಣೆಯಲ್ಲಿ ಹೋದಂತೆ ಹೋದರೆ ಅದು ಹೊಸ ಅಪಾರ್ಟ್‌ಮೆಂಟುಗಳಲ್ಲಿ ಹಾಕುವ ಹಗುರ ಎಎಸಿ ಬ್ಲಾಕು. ಇದಕ್ಕೇ ಅಂತ ಅಗಲ ರೆಕ್ಕೆಯ ನೈಲಾನ್ ಪ್ಲಗ್ ಸಿಗುತ್ತದೆ. ಕೆಮಿಕಲ್ ಆಂಕರ್, ಅಂದರೆ ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್, ಇನ್ನೂ ಒಳ್ಳೆಯದು. ಈ ಗೋಡೆಗೆ ಡ್ರಿಲ್‌ನ ಸುತ್ತಿಗೆ ಮೋಡ್ ಹಾಕಬೇಡಿ, ತೂತು ದೊಡ್ಡದಾಗಿ ಪ್ಲಗ್ ಸಡಿಲಾಗುತ್ತದೆ.

ಇನ್ನು ಹಳೇ ಊರಿನ ಕಡೆ, ಬ್ರಹ್ಮಪುರ, ಶಹಾಬಜಾರ್ ಮುಂತಾದ ಕಡೆ, ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳು ಇನ್ನೂ ಇವೆ. ಒಂದೂವರೆ ಅಡಿ, ಎರಡಡಿ ದಪ್ಪ. ನೋಡಿದರೆ ಕೋಟೆ. ತೂತು ಹಾಕಿದರೆ ಮೊದಲು ಕಲ್ಲು, ಆಮೇಲೆ ಮಣ್ಣು, ಆಮೇಲೆ ಚೂರು ಕಲ್ಲು. ನಮ್ಮ ಶಹಾಬಾದ್ ಕಲ್ಲಿನ ಗುಣ ನಿಮಗೆ ಗೊತ್ತೇ ಇದೆ, ಪದರ ಪದರವಾಗಿ ಬಿಚ್ಚುತ್ತದೆ. ಅದಕ್ಕೇ ಅದು ಅಷ್ಟು ಚಂದದ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಆಗುವುದು. ಅದೇ ಕಲ್ಲಿಗೆ ಅಂಚಿನ ಹತ್ತಿರ ಡ್ರಿಲ್ ಹಾಕಿ ಆಂಕರ್ ಬಿಗಿ ಮಾಡಿದರೆ ಪದರವೇ ಎದ್ದು ಬರಬಹುದು. ಇಂಥ ಗೋಡೆಗೆ ಏನನ್ನೂ ನೇತು ಹಾಕುವ ಯೋಚನೆ ಬೇಡ. ಮಂಚ ಮಾಡಿಸಬಹುದು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಎಚ್ಚರಿಕೆ. ಗೋಡೆಯಲ್ಲಿ ಓರೆಯಾಗಿ ಇಳಿದ ಬಿರುಕಿದ್ದರೆ, ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿದ್ದರೆ, ಅದು ಅಡಿಪಾಯದ ಕೆಳಗಿನ ಎರೆ ಮಣ್ಣಿನ ಆಟ. ಮಣ್ಣು ಒಣಗಿದಾಗ ಕುಗ್ಗುತ್ತದೆ, ನೆನೆದಾಗ ಉಬ್ಬುತ್ತದೆ. ಆ ಗೋಡೆ ಬಿಟ್ಟು ಬೇರೆ ಗೋಡೆ ನೋಡಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೂಡ ತೂತು ಬೇಡ. ಒಳಗಿನ ವೈರು ಹೆಚ್ಚಾಗಿ ಅದೇ ದಾರಿಯಲ್ಲಿ ಹೋಗಿರುತ್ತದೆ.

ಪ್ಲೈ ಹಾಳೆ ಕತ್ತರಿಸುವುದು

8 ಅಡಿ, 4 ಅಡಿಯ 18 ಮಿ.ಮೀ. ಪ್ಲೈವುಡ್ ಒಂದು ಹಾಳೆ ಸಾಕು. ಅದರ ತೂಕವೇ ಸುಮಾರು 35 ಕೆಜಿ, ಆಟೋದಲ್ಲಿ ಒಬ್ಬರೇ ತರಲು ಹೋಗಬೇಡಿ. ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 303 ಬಿಡಬ್ಲ್ಯುಆರ್ (ಕುದಿಯುವ ನೀರನ್ನೂ ತಡೆಯುವ ದರ್ಜೆ) ಅಂತಲೋ ಐಎಸ್ 710 ಅಂತಲೋ ಇರಬೇಕು. ಎರಡನೆಯದು ಮರೈನ್ ಪ್ಲೈ, ನೀರು ಚೆನ್ನಾಗಿ ತಡೆಯುತ್ತದೆ, ದರವೂ ಜಾಸ್ತಿ. ಮಲಗುವ ಕೋಣೆಗೆ ಮೊದಲನೆಯದೇ ಸಾಕು. ಎಮ್‌ಡಿಎಫ್, ಪಾರ್ಟಿಕಲ್ ಬೋರ್ಡ್ ಬೇಡ. ಒಂದು ಬೇಸಿಗೆ ಕೂಲರ್ ತೇವ ಕುಡಿದರೆ ಅಂಚು ಉಬ್ಬುತ್ತದೆ, ಸ್ಕ್ರೂ ಹಿಡಿತ ಹೋಗುತ್ತದೆ. ರೆಡಿಮೇಡ್ ಮಡಚುವ ಟೇಬಲ್‌ಗಳಲ್ಲಿ ಬಹಳಷ್ಟು ಇದೇ ಬೋರ್ಡಿನವು. ಅಂಚಿನ ಪಟ್ಟಿ ಸ್ವಲ್ಪ ಎಬ್ಬಿಸಿ ನೋಡಿದರೆ ಒಳಗೆ ಮರದ ಹಿಟ್ಟು ಕಾಣುತ್ತದೆ.

ಈಗ ಕತ್ತರಿಸುವ ಲೆಕ್ಕ. ನನಗೆ ಇಡೀ ಕೆಲಸದಲ್ಲಿ ಬಹಳ ಖುಷಿ ಕೊಟ್ಟ ಭಾಗ ಇದು. ಹಾಳೆ 96 ಇಂಚು ಉದ್ದ, 48 ಇಂಚು ಅಗಲ. ಮೊದಲು ಉದ್ದಕ್ಕೆ ಸೀಳಿ 12 ಇಂಚಿನ ಪಟ್ಟಿ ತೆಗೆಯಿರಿ. ಉಳಿದ 36 ಇಂಚಿನ ಅಗಲದಲ್ಲಿ 75 ಇಂಚಿಗೆ ಅಡ್ಡ ಕತ್ತರಿಸಿ. ಅದೇ ಮಂಚದ ಹಲಗೆ. ಉಳಿಯುವ ತುಂಡು ಹೆಚ್ಚುಕಮ್ಮಿ 21 ಇಂಚು, 36 ಇಂಚು. ಅದೇ ಟೇಬಲ್! ಇನ್ನು 12 ಇಂಚಿನ ಪಟ್ಟಿಯನ್ನು ನಡುವೆ ಸೀಳಿದರೆ 6 ಇಂಚಿನ ಎರಡು ಪಟ್ಟಿ. ಒಂದರಲ್ಲಿ 75 ಇಂಚು ಉದ್ದದ ಮಂಚದ ಹಿಂದಿನ ಕಟ್ಟೆ. ಇನ್ನೊಂದರಲ್ಲಿ 38 ಇಂಚಿನ ಎರಡು ನಿಲುವು, ಅಂದರೆ ಕಟ್ಟೆಯ ತುದಿಗಳಲ್ಲಿ ನೆಟ್ಟಗೆ ನಿಲ್ಲುವ ಪಟ್ಟಿ. ಕೊನೆಗೆ ಎರಡು ತುಂಡು ಉಳಿಯುತ್ತವೆ, ಫೋನ್ ಇಡಲು ಹಲಗೆ ಮಾಡಿಕೊಳ್ಳಿ.

ಗರಗಸದ ಅಲಗು ಪ್ರತಿ ಸೀಳಿಗೂ ಸುಮಾರು 3 ಮಿ.ಮೀ. ತಿನ್ನುತ್ತದೆ. ಹಾಗಾಗಿ ಮಂಚದ ಹಲಗೆಯ ಅಳತೆ ಮೊದಲು ಗಟ್ಟಿ ಮಾಡಿ, ಕಡಿಮೆಯಾಗುವುದು ಟೇಬಲ್‌ಗೂ ಪಟ್ಟಿಗೂ ಹೋಗಲಿ. ಕಾಗದದ ಮೇಲೆ ಈ ಚಿತ್ರ ಬರೆದು ಬಡಿಗನ ಕೈಗೆ ಕೊಡಿ. ಬಾಯಲ್ಲಿ ಹೇಳಿದರೆ "ಆತ್ರಿ, ಆತ್ರಿ" ಅಂತಾರೆ. ಆಮೇಲೆ ಹಾಳೆ ಇನ್ನೊಂದು ಬೇಕಾಗುತ್ತದೆ.

ಟೇಬಲ್

ಮಡಚುವ ತ್ರಿಕೋನ ಬ್ರಾಕೆಟ್ ಜೋಡಿಯಾಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಟೇಬಲ್ ಗೋಡೆಯಿಂದ 20 ಇಂಚು ಮುಂದೆ ಬರುವುದಾದರೆ ಬ್ರಾಕೆಟ್ ತೋಳು ಕನಿಷ್ಠ 14 ಇಂಚು ಇರಲಿ, 16 ಸಿಕ್ಕರೆ ಬಹಳ ಒಳ್ಳೆಯದು. ತೋಳಿನಷ್ಟೇ ಅದರ ಗೋಡೆ ಕಡೆಯ ಕಾಲನ್ನೂ ನೋಡಿ, ಅದು ಉದ್ದ ಇದ್ದಷ್ಟೂ ಒಳ್ಳೆಯದು. ಯಾಕೆ ಅಂದರೆ, ಮುಂದಿನ ಅಂಚಿನ ಮೇಲೆ 20 ಕೆಜಿ ಭಾರ ಬಿತ್ತು ಅನ್ನಿ. ಅಂಚು ಗೋಡೆಯಿಂದ 20 ಇಂಚು ದೂರ, ಮೇಲಿನ ಕೆಳಗಿನ ಸ್ಕ್ರೂಗಳ ನಡುವೆ 6 ಇಂಚು. ಆಗ ಮೇಲಿನ ಸ್ಕ್ರೂಗಳ ಮೇಲೆ ಬೀಳುವ ಎಳೆತ 20 ಅಲ್ಲ, 66 ಕೆಜಿಗೂ ಮೇಲೆ. ನಮ್ಮ ಮಾವನ ಮೊಣಕೈ ಮಾಡಿದ್ದು ಇದನ್ನೇ.

ಕೆಲಸದ ಕ್ರಮ ಹೀಗೆ. ನೆಲದಿಂದ 29 ಇಂಚಿಗೆ ಟೇಬಲ್ ಮೇಲ್ಮೈ ಬರಬೇಕು. ಅದರಲ್ಲಿ ಹಲಗೆಯ ದಪ್ಪ ಕಳೆದು ಗೋಡೆಯ ಮೇಲೆ ಗೆರೆ ಹಾಕಿ. ರಸಮಟ್ಟ ಇಟ್ಟು ಗೆರೆ ಎಳೆಯಿರಿ, ನೆಲದಿಂದ ಟೇಪು ಹಿಡಿದು ಎರಡು ಕಡೆ ಅಳೆಯಬೇಡಿ. ನಮ್ಮ ಫರ್ಸಿ ನೆಲಗಳು ಬಾಗಿಲ ಕಡೆ ಇಳಿಜಾರಾಗಿರುತ್ತವೆ. ಆ ಇಳಿಜಾರು ಟೇಬಲ್‌ಗೂ ಬಂದರೆ ಪೆನ್ನು ಉರುಳಿ ಬೀಳುತ್ತದೆ.

ಬ್ರಾಕೆಟ್ಟನ್ನು ನೇರ ಗೋಡೆಗೆ ಹೊಡೆಯಬೇಡಿ. 3 ಇಂಚು ಅಗಲ, ಒಂದಿಂಚು ದಪ್ಪ, ಒಂದೂವರೆ ಅಡಿ ಉದ್ದದ ಸಾಗವಾನಿ ಪಟ್ಟಿ ಎರಡು ತಗೊಂಡು ಗೋಡೆಗೆ ನಿಲ್ಲಿಸಿ ಕೂಡಿಸಿ, ನಡುವೆ 24 ಇಂಚು ಬಿಡಿ. ಪಟ್ಟಿ ಉದ್ದವಿರುವುದರಿಂದ ಸ್ಕ್ರೂಗಳ ನಡುವಿನ ಅಂತರ ಹೆಚ್ಚುತ್ತದೆ, ಎಳೆತ ಹಂಚಿಹೋಗುತ್ತದೆ. ಪ್ರತಿ ಪಟ್ಟಿಗೆ ನಾಲ್ಕು ಸ್ಕ್ರೂ. ಉದ್ದದ ಲೆಕ್ಕ ಬಾಯಿಪಾಠ ಮಾಡಿ: ಪಟ್ಟಿ ಒಂದಿಂಚು, ಗಿಲಾವು ಮುಕ್ಕಾಲು ಇಂಚು, ಇಟ್ಟಂಗಿಯೊಳಗೆ ಎರಡಿಂಚು. ಅಂದರೆ ಸ್ಕ್ರೂ ನಾಲ್ಕಿಂಚಿಗೆ ಹತ್ತಿರ ಇರಬೇಕು. 10 ಮಿ.ಮೀ. ನೈಲಾನ್ ಪ್ಲಗ್ ಗಿಲಾವು ದಾಟಿ ಪೂರ್ತಿ ಇಟ್ಟಂಗಿಯೊಳಗೆ ಕೂರಬೇಕು. ತೂತಿನ ಧೂಳು ಊದಿ ತೆಗೆದ ಮೇಲೆಯೇ ಪ್ಲಗ್ ಹಾಕಿ. ಧೂಳಿದ್ದರೆ ಪ್ಲಗ್ ಹಿಡಿದಂತೆ ಕಾಣುತ್ತದೆ, ಹಿಡಿದಿರಲ್ಲ.

ಬ್ರಾಕೆಟ್ ತೋಳಿಗೆ ಹಲಗೆ ಕೂಡಿಸುವಾಗ ಸ್ಕ್ರೂ ಬದಲು ನಟ್ ಬೋಲ್ಟ್ ಹಾಕಿ, ತಲೆ ಹಲಗೆಯೊಳಗೆ ಮುಳುಗಲಿ. ದಿನಾ ಎತ್ತಿ ಇಳಿಸುವ ವಸ್ತುವಿನಲ್ಲಿ ಸ್ಕ್ರೂ ಸಡಿಲಾಗುವುದು ಖಚಿತ. ಕಲ್ಲು ಮಣ್ಣಿನ ಗೋಡೆಯವರು ಬ್ರಾಕೆಟ್ ಆಸೆ ಬಿಟ್ಟು ಟೇಬಲ್ ಮುಂದೆ ಮಡಚುವ ಕಾಲು ಕೊಡಿಸಿ. ಟೊಳ್ಳು ಬ್ಲಾಕಿನವರಿಗೂ ಅದೇ ಮಾತು.

ಮಂಚ

ರೈಲಿನ ಮಿಡ್ಲ್ ಬರ್ತ್ ನೋಡಿದ್ದೀರಲ್ಲ. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರಿಗೆ ಮಡಚುವ ಮಂಚ ಅಂದರೇನು ಅಂತ ವಿವರಿಸುವ ಅಗತ್ಯವಿಲ್ಲ. ಗೋಡೆ ಕಡೆ ಕೀಲು, ಮುಂದೆ ಎರಡು ಸರಪಳಿ. ಬಹಳ ಜನ ಮನೆಗೂ ಇದೇ ಸರಪಳಿ ಬೇಕು ಅಂತಾರೆ. ರೈಲಿನಲ್ಲಿ ಸರಪಳಿಯ ಎಳೆತ ತಡೆಯಲು ಕಬ್ಬಿಣದ ಚೌಕಟ್ಟು ಇದೆ. ನಮ್ಮದು ಇಟ್ಟಂಗಿ, ಗಿಲಾವು. ಸರಪಳಿ ಬೇಡ, ಕಾಲು ಕೊಡಿಸಿ.

ಅಂಗಡಿಯಲ್ಲಿ ಇದನ್ನು ಮರ್ಫಿ ಬೆಡ್ ಅಂತ ಮಾರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ಕೋಣೆಯಲ್ಲಿ ವಾಸವಿದ್ದ ವಿಲಿಯಂ ಲಾರೆನ್ಸ್ ಮರ್ಫಿ ಎಂಬಾತ ಕಳೆದ ಶತಮಾನದ ಶುರುವಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆ ಹೆಸರು ಈಗ ಯಾರ ಸ್ವತ್ತೂ ಅಲ್ಲ ಅಂತ 1989ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಹೇಳಿತು. ಹಾಗಾಗಿ ಹೆಸರು ನೋಡಿ ಗುಣಮಟ್ಟ ಅಳೆಯಲು ಬರಲ್ಲ. ತಲೆ ಕಡೆ ಕೀಲಿರುವ, ಉದ್ದಕ್ಕೆ ಮೇಲೇಳುವ ಮಂಚ ಅವರದು. ಅದಕ್ಕೆ ಏಳಡಿ ಎತ್ತರದ ಪೆಟ್ಟಿಗೆ ಬೇಕು, ಬಲವಾದ ಸ್ಪ್ರಿಂಗೋ ಗ್ಯಾಸ್ ಸ್ಟ್ರಟ್ಟೋ (ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವಂಥ ದಂಡ) ಬೇಕು. ನಾನು ಹೇಳುವುದು ಅಡ್ಡಕ್ಕೆ ಮಡಚುವುದು. ಉದ್ದದ ಅಂಚು ಗೋಡೆ ಕಡೆ. ಮೇಲೇಳುವುದು ಬರೀ ಮೂರಡಿ, ಕೈಯಿಂದಲೇ ಆಗುತ್ತದೆ.

ಮೊದಲು ಸ್ಟ್ಯಾಂಡ್. ವೆಲ್ಡಿಂಗ್ ಅಂಗಡಿಯಲ್ಲಿ ಒಂದೂವರೆ ಇಂಚಿನ ಚೌಕ ಪೈಪಿನಲ್ಲಿ 75 ಇಂಚು ಉದ್ದ, 6 ಇಂಚು ಅಗಲದ ಉದ್ದನೆ ಬೆಂಚು ಮಾಡಿಸಿ. ಕಾಲು ಮೂರು ಜೋಡಿ. ಮೇಲೆ 6 ಇಂಚಿನ ಪ್ಲೈ ಪಟ್ಟಿ ಕೂಡಿಸಿದಾಗ ಒಟ್ಟು ಎತ್ತರ 14 ಇಂಚು ಬರಬೇಕು. ಇದನ್ನು ಕಟ್ಟೆ ಅನ್ನೋಣ. ಗೋಡೆಗೆ ಒತ್ತಿ ನೆಲದ ಮೇಲೆ ನಿಲ್ಲುತ್ತದೆ. ಮಲಗಿದವರ ಭಾರದ ಅರ್ಧ ಇದರ ಮೂಲಕ ನೆಲಕ್ಕೆ, ಇನ್ನರ್ಧ ಮುಂದಿನ ಕಾಲುಗಳ ಮೂಲಕ ನೆಲಕ್ಕೆ. ಕಲ್ಲು ಮಣ್ಣಿನ ಗೋಡೆಯವರೂ ಮಾಡಿಸಬಹುದು ಅಂದದ್ದು ಇದಕ್ಕೇ.

ಈ 6 ಇಂಚು ಯಾಕೆ ಅಂತ ನಮ್ಮ ವೆಲ್ಡರ್ ಕೇಳಿದ. "ಎರಡಿಂಚ್ ಸಾಕ್ರಿ, ಸುಮ್ನ ಜಾಗಾ ಹೋಗ್ತದ" ಅಂದ. ಮಂಚ ಮೇಲೆ ಎತ್ತಿದಾಗ ಗಾದಿ ಎಲ್ಲಿಗೆ ಹೋಗುತ್ತದೆ? ಹಲಗೆಗೂ ಗೋಡೆಗೂ ನಡುವೆ. ಗಾದಿ 4 ಇಂಚು, ಚಾದರ, ಕೌದಿ ಸೇರಿ 5 ಇಂಚು. ಕೀಲು ಗೋಡೆಗೆ ಅಂಟಿಕೊಂಡಿದ್ದರೆ ಗಾದಿಗೆ ಜಾಗವೇ ಇರಲ್ಲ. ಮಂಚ ಮುಕ್ಕಾಲು ಎದ್ದು ಅಲ್ಲೇ ನಿಲ್ಲುತ್ತದೆ. ಪರಿಚಯದ ಒಂದು ಮನೆಯಲ್ಲಿ ಹೀಗೇ ಆಗಿ, ಅವರು ದಿನಾ ಗಾದಿ ತೆಗೆದು ಕಪಾಟಿನ ಮೇಲಿಟ್ಟು ಮಂಚ ಮಡಚುತ್ತಿದ್ದರು. ಒಂದು ವಾರ ಮಡಚಿದರು. ಆಮೇಲೆ ಅದು ಮಾಮೂಲಿ ಮಂಚವೇ ಆಯಿತು. ನಿಮ್ಮ ಗಾದಿ ಹತ್ತಿಯದಾಗಿದ್ದರೆ ಇದಕ್ಕೆ ಒಗ್ಗಲ್ಲ, ತೂಕ ಜಾಸ್ತಿ, ಎತ್ತಿದಾಗ ಕೆಳಗೆ ಜಾರಿ ಗುಡ್ಡೆಯಾಗುತ್ತದೆ. 72 ಇಂಚು, 36 ಇಂಚಿನ 4 ಇಂಚು ದಪ್ಪ ಫೋಮ್ ಗಾದಿ ತಗೊಳ್ಳಿ.

ಹಲಗೆಯ ಕೆಳಗೆ 2 ಇಂಚು, 1 ಇಂಚಿನ ಪೈಪಿನ ಚೌಕಟ್ಟು ಬರುತ್ತದೆ. ಪೈಪು ಮಲಗಿಸಬೇಡಿ. 2 ಇಂಚಿನ ಬದಿ ನಿಂತಿರಬೇಕು, ಇಲ್ಲದಿದ್ದರೆ ಮುಂದಿನ ಅಂಚಿನ ಮೇಲೆ ಕೂತಾಗ ಬಾಗುತ್ತದೆ. ಸುತ್ತಲೂ ಒಂದು, ನಡುವೆ ಎರಡು ಅಡ್ಡ ಪೈಪು. ಹಲಗೆಯನ್ನು ಇದಕ್ಕೆ ಬೋಲ್ಟ್ ಮಾಡಿ.

ಈಗ ನಿಜವಾದ ಗುಟ್ಟಿನ ಜಾಗ. ಕಟ್ಟೆಗೂ ಹಲಗೆಗೂ ಕೀಲು ಕೂಡಿಸುವುದು. ನಮ್ಮ ಕಡೆ ಬಿಜಾಗರಿ ಅಂತಾರೆ, ಅಂಗಡಿಯಲ್ಲಿ ಹಿಂಜಸ್ ಅಂದರೂ ಕೊಡುತ್ತಾರೆ. 4 ಇಂಚಿನ ದಪ್ಪ ಹಿಂಜಸ್ ನಾಲ್ಕು. ಒಂದು ರೆಕ್ಕೆ ಕಟ್ಟೆಯ ಮೇಲ್ಮೈಗೆ, ಇನ್ನೊಂದು ಹಲಗೆಯ ಮೇಲ್ಮೈಗೆ, ಕಡ್ಡಿ ಮೇಲೆ ಬರುವಂತೆ. ಪ್ಲೈ ಅಂಚಿಗೆ ಸ್ಕ್ರೂ ಹೊಡೆಯಲು ಬಿಡಬೇಡಿ, ಪದರ ಸೀಳುತ್ತದೆ. ಮೇಲ್ಮೈಯಲ್ಲಿ ತೂತು ಹಾಕಿ 6 ಮಿ.ಮೀ. ಬೋಲ್ಟ್, ಕೆಳಗೆ ವಾಷರ್, ನಟ್.

ಆದರೆ ಮಲಗಿದವರ ಭಾರವನ್ನು ಈ ಹಿಂಜಸ್ ಹೊರಬಾರದು. ಕಟ್ಟೆಯ ಮುಂಭಾಗಕ್ಕೆ ಉದ್ದಕ್ಕೂ ಒಂದೂವರೆ ಇಂಚಿನ ಎಲ್ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ವೆಲ್ಡ್ ಮಾಡಿಸಿ. ಕಟ್ಟೆಯ ಮೇಲ್ಮೈಯಿಂದ ಸರಿಯಾಗಿ 68 ಮಿ.ಮೀ. ಕೆಳಗೆ. ಹಲಗೆ 18, ಪೈಪು 50, ಕೂಡಿದರೆ 68. ಮಂಚ ಇಳಿಸಿದಾಗ ಹಿಂದಿನ ಪೈಪು ಈ ಆಂಗಲ್ ಮೇಲೆ ಬಂದು ಕೂರುತ್ತದೆ. ಹಿಂಜಸ್ ಬರೀ ದಾರಿ ತೋರಿಸುತ್ತದೆ. ವೆಲ್ಡ್ ಮಾಡುವ ಮುಂಚೆ ಹಲಗೆ, ಪೈಪು ಕೂಡಿಸಿ ಇಟ್ಟು ಅಳೆದು ನೋಡಿ. 3 ಮಿ.ಮೀ. ಕೆಳಗಾದರೂ ಭಾರ ಪೂರ್ತಿ ಹಿಂಜಸ್ ಮೇಲೆ ಬೀಳುತ್ತದೆ, ರಾತ್ರಿಯಿಡೀ ಕಿರುಗುಟ್ಟುತ್ತದೆ. ನಮ್ಮದು ಮೊದಲು ಹಾಗೇ ಕಿರುಗುಟ್ಟಿತು. ಆಂಗಲ್ ಮೇಲೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದೆ. ಸದ್ದೂ ಹೋಯಿತು, ಸಂದೂ ತುಂಬಿತು.

ಮುಂದಿನ ಕಾಲು ಎರಡನ್ನೂ ಒಂದು ಅಡ್ಡ ಪೈಪಿನಿಂದ ಜೋಡಿಸಿ, ಮುಂದಿನ ಪೈಪಿಗೆ ಬೋಲ್ಟಿನ ಮೇಲೆ ಸಡಿಲವಾಗಿ ತೂಗುವಂತೆ ಹಾಕಿಸಿ. ಚಂದ ನೋಡಿ, ಇದಕ್ಕೆ ಯಾವ ಯಂತ್ರವೂ ಬೇಡ. ಮಂಚ ಎತ್ತಿದಾಗ ಕಾಲು ತಾನೇ ಜೋತುಬಿದ್ದು ಹಲಗೆಗೆ ಒರಗುತ್ತದೆ. ಇಳಿಸಿದಾಗ ತಾನೇ ನೆಟ್ಟಗೆ ನಿಲ್ಲುತ್ತದೆ. ಒದ್ದರೆ ಜಾರದ ಹಾಗೆ ಎರಡೂ ಕಡೆ ಒಂದೊಂದು ಓರೆ ಕೊಂಡಿ ಕೊಡಿಸಿ, ಇಳಿಸಿದ ತಕ್ಷಣ ಸಿಕ್ಕಿಸುವುದು ಕಡ್ಡಾಯ. ಕಾಲಿನ ತುದಿಗೆ ತಿರುಗಿಸಿ ಎತ್ತರ ಹೊಂದಿಸುವ ಬೋಲ್ಟ್ ಹಾಕಿಸಿದರೆ ಏರುತಗ್ಗಿನ ಫರ್ಸಿ ಮೇಲೂ ಮಂಚ ಅಲುಗಲ್ಲ.

ಕಟ್ಟೆಯ ಎರಡೂ ತುದಿಗೆ 38 ಇಂಚಿನ ನಿಲುವುಗಳನ್ನು ಎಲ್ ಕ್ಲಾಂಪಿನಿಂದ ನಿಲ್ಲಿಸಿ, ಮೇಲ್ತುದಿಯನ್ನು ಗೋಡೆಗೆ ಕೂಡಿಸಿ. ಎತ್ತಿದ ಹಲಗೆ ಕಪಾಟಿನ ಬಾಗಿಲಿನಂತೆ ಈ ನಿಲುವುಗಳಿಗೆ ಬಂದು ತಾಗುತ್ತದೆ. ಪ್ರತಿ ನಿಲುವಿಗೆ ಒಂದು ಚಿಲಕ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಸಣ್ಣ ಮಕ್ಕಳ ಕೈಗೆ ಸಿಗದ ಹಾಗೆ. ನೆಟ್ಟಗೆ ನಿಂತ ಮಂಚವನ್ನು ಹಿಡಿಯಲು ಹೆಚ್ಚು ಬಲ ಬೇಡ, ಅಂಗೈ ಒತ್ತಿದರೆ ಸಾಕು. ಚಿಲಕ ಇರುವುದು ಯಾರಾದರೂ ಜೋತುಬಿದ್ದಾಗ ತಡೆಯಲು. ಹಾಗಂತ ಗೋಡೆಯ ಕ್ಲಾಂಪ್ ಬಿಡಬೇಡಿ. ಎತ್ತುವಾಗ ಅರ್ಧಕ್ಕೆ ಕೈಜಾರಿದರೆ ಇಡೀ ಸ್ಟ್ಯಾಂಡ್ ಮುಂದಕ್ಕೆ ಬಾಗಲು ನೋಡುತ್ತದೆ. ಮೇಲೆ ಎರಡು, ಕೆಳಗೆ ಕಟ್ಟೆಯ ಹಿಂದೆ ಎರಡು ಕ್ಲಾಂಪ್ ಇರಲೇಬೇಕು. ಮಣ್ಣಿನ ಗೋಡೆಗೆ ಗೌಂಡಿಯನ್ನು ಕರೆಸಿ, ನಾಲ್ಕು ಕಡೆ ಅಗೆದು ಸಿಮೆಂಟಿನಲ್ಲಿ ಮರದ ತುಂಡು ಹುಗಿಸಿ, ವಾರ ನೀರು ಹೊಡೆದು ಆರಿದ ಮೇಲೆ ಅದಕ್ಕೆ ಸ್ಕ್ರೂ ಹೊಡೆಯಿರಿ.

ಎತ್ತುವ ಭಾರ ಎಷ್ಟು? ಹಲಗೆ 20 ಕೆಜಿ, ಪೈಪು 13 ರಿಂದ 14, ಗಾದಿ 7. ಒಟ್ಟು 40 ಕೆಜಿ ಅನ್ನಿ. ಮುಂದಿನ ಅಂಚು ಹಿಡಿದು ಎತ್ತುವಾಗ ಅದರ ಅರ್ಧ ನಿಮ್ಮ ಕೈಗೆ ಬರುತ್ತದೆ, ಇನ್ನರ್ಧ ಹಿಂಜಸ್ ಹಿಡಿದಿರುತ್ತದೆ. ಖಾಲಿ ಗ್ಯಾಸ್ ಸಿಲಿಂಡರ್ ಎತ್ತಿದ್ದಕ್ಕಿಂತ ಸ್ವಲ್ಪ ಜಾಸ್ತಿ. ಮೇಲೆ ಹೋದಂತೆ ಹಗುರಾಗುತ್ತದೆ. ವಯಸ್ಸಾದವರಿಗೆ ಇದು ಬೇಡ. ಟೇಬಲ್ ಬೇಡ ಅನ್ನುವವರು 12 ಮಿ.ಮೀ. ಪ್ಲೈ ಹಾಕಿದರೆ ಆರೇಳು ಕೆಜಿ ಕಡಿಮೆಯಾಗುತ್ತದೆ. ಗ್ಯಾಸ್ ಸ್ಟ್ರಟ್ ಹಾಕಿಸಲೇಬೇಕು ಅಂದರೆ ನೆನಪಿಡಿ, ಅದರ ಮೇಲೆ ಬರೆದಿರುವುದು ನ್ಯೂಟನ್ ಲೆಕ್ಕ. 100 ನ್ಯೂಟನ್ ಅಂದರೆ ಸುಮಾರು 10 ಕೆಜಿ. ಗಾದಿ ಸೇರಿ ಲೆಕ್ಕ ಹಾಕಿ ಕೂಡಿಸಿದ ಸ್ಟ್ರಟ್, ಗಾದಿ ತೆಗೆದ ದಿನ ಮಂಚವನ್ನು ಚಿಮ್ಮಿಸಿ ಗಲ್ಲಕ್ಕೆ ಹೊಡೆಯಬಹುದು.

ಮಲಗುವ ಮುಂಚೆ ಪರೀಕ್ಷೆ

ಟೇಬಲ್ ಮುಂದಿನ ಅಂಚಿಗೆ 25 ಕೆಜಿ ಅಕ್ಕಿ ಚೀಲ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮರದ ಪಟ್ಟಿಗೂ ಗೋಡೆಗೂ ನಡುವೆ ಪೋಸ್ಟ್‌ಕಾರ್ಡ್ ತೂರಿಸಿ ನೋಡಿ. ತೂರಿದರೆ ಸ್ಕ್ರೂ ಜಾರಿದೆ ಅಂತ ಅರ್ಥ. ಮಂಚದ ಮೇಲೆ 50 ಕೆಜಿಯ ಎರಡು ಚೀಲ, ಒಂದು ನಡುವೆ, ಒಂದು ಮುಂದಿನ ಅಂಚಿನಲ್ಲಿ. ಆಮೇಲೆ ಹತ್ತು ಸಲ ಎತ್ತಿ ಇಳಿಸಿ. ಯಾವುದೋ ಒಂದು ಬೋಲ್ಟ್ ಸಡಿಲಾಗಿರುತ್ತದೆ, ಬಿಗಿ ಮಾಡಿ. ನಾನಂತೂ ಮಗಳನ್ನು ಮಲಗಿಸುವ ಮುಂಚೆ ಎರಡು ರಾತ್ರಿ ನಾನೇ ಮಲಗಿದೆ.

ಗಾದಿಗೆ ಎರಡು ಕಡೆ ಬೆಲ್ಟ್ ಕಟ್ಟಿ, ಹಳೇ ಬ್ಯಾಗಿನ ಪಟ್ಟಿ ಆದರೂ ಸರಿ. ಕೌದಿ, ದಿಂಬು ಒಳಗೇ ಬಿಟ್ಟು ಮಡಚುವ ಹಾಗಿರಬೇಕು. ದಿಂಬು ಕಟ್ಟೆಯ ಮೇಲೆ ಬೀಳುತ್ತದೆ, ಪರವಾಗಿಲ್ಲ. ಇಳಿಸುವಾಗ ಹಿಂಜಸ್ ಕಡೆ ಯಾರ ಬೆರಳೂ ಇರಬಾರದು. ಮಕ್ಕಳಿದ್ದರೆ ಒಬ್ಬರೇ ಇಳಿಸುವ ರೂಢಿ ಬೇಡ.

ಮೊದಲ ತಿಂಗಳು ವಾರಕ್ಕೊಮ್ಮೆ ಎಲ್ಲ ನಟ್ ಮುಟ್ಟಿ ನೋಡಿ. ಆಮೇಲೆ ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ಸಾಕು. ಹಿಂಜಸ್‌ಗೆ ಎರಡು ಹನಿ ಹೊಲಿಗೆ ಮೆಷಿನ್ ಎಣ್ಣೆ. ಕಟ್ಟೆಯ ಹಿಂದೆ, ಗೋಡೆಯ ಬುಡದಲ್ಲಿ ಮಣ್ಣಿನ ಸಣ್ಣ ಗೆರೆ ಏರಿದ್ದು ಕಂಡರೆ ಗೆದ್ದಲು ಬಂತು ಅಂತಲೇ. ಅದು ಪೈಪು ತಿನ್ನಲ್ಲ, ಪೈಪಿನ ಮೇಲೆ ಹತ್ತಿ ಪ್ಲೈ ತಿನ್ನುತ್ತದೆ. ವಾರಕ್ಕೊಮ್ಮೆ ಗಾದಿ ಬಿಸಿಲಿಗೆ ಹಾಕಿ. ಹಗಲಿಡೀ ಗೋಡೆಗೂ ಹಲಗೆಗೂ ನಡುವೆ ಸಿಕ್ಕಿಕೊಂಡ ಗಾದಿಗೆ ಕೂಲರ್ ತಿಂಗಳುಗಳಲ್ಲಿ ಬೂಸಲು ವಾಸನೆ ಬೇಗ ಬರುತ್ತದೆ. ಮೇ ತಿಂಗಳಲ್ಲಿ ಕರೆಂಟ್ ಹೋದ ರಾತ್ರಿಗಳಲ್ಲಿ ನಾವೆಲ್ಲ ಮಾಳಿಗೆಗೆ ಹೋಗುತ್ತೇವೆ. ಆಗ ಇದೇ ಗಾದಿಯ ಬೆಲ್ಟ್ ಬಿಚ್ಚಿ ಮೇಲೆ ಒಯ್ಯುತ್ತೇವೆ, ಮಂಚ ಚಿಲಕ ಹಾಕಿಕೊಂಡು ಗೋಡೆಗೆ ನಿಂತಿರುತ್ತದೆ.